ಅರ್ಬುದಚಿಕಿತ್ಸೆಯಲ್ಲಿ ಕಿರಣವೂ ಸುವರ್ಣವೂ

ಸಂಸ್ಕೃತದ ಅರ್ಬುದಶಬ್ದಕ್ಕೆ ನಾನಾರ್ಥಗಳುಂಟು. ಋಗ್ವೇದದಲ್ಲಿ ಅದು ಇಂದ್ರನು ಮರ್ದಿಸಿದ ವೈರಿಯೊಬ್ಬನ ಹೆಸರು. ಗಣಿತದಲ್ಲಿ ಒಂದು ಮಹಾಸಂಖ್ಯೆ. ಪುರಾಣಗಳಲ್ಲಿ ಈಗ ಆಬೂ ಎಂದು ಪ್ರಸಿದ್ಧವಾಗಿರುವ ಪರ್ವತ. ವೈದ್ಯಶಾಸ್ತ್ರದಲ್ಲಿ ಮಾಂಸದೊಳಗೆ ಹುಟ್ಟಿ ಬೆಳೆಯುವ ಗಂಟು. ಕನ್ನಡದ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಈ ಕಡೆಯ ಅರ್ಥವನ್ನು ಹಿಡಿದು, ಕ್ಯಾನ್ಸರ್ ಎಂಬ ರೋಗಕ್ಕೆ ಅರ್ಬುದವೆಂಬ ಹೆಸರನ್ನು ರೂಢಿಗೆ ತಂದಿರುವುವು. ಏಡಿಹುಣ್ಣು ಎಂಬ ಇನ್ನೊಂದು ಮಾತು ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟುದರ ಅನುವಾದವಾಗಿದೆ. ಹೆಸರಿಡುವುದರಲ್ಲಿ ದೋಷವಿಲ್ಲ. ಆದರೆ ಹೆಸರು ಒಂದಾದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ಭಾವಿಸಿ, ಆ ಭಾವನೆಯ ಮೇಲೆ ಚಿಕಿತ್ಸೆಯ ಇತಿಹಾಸವನ್ನೇ ಕಟ್ಟುವ ಪ್ರವೃತ್ತಿ ಈಚೆಗೆ ಬಲವಾಗುತ್ತಿರುವುದರಿಂದ, ಈ ವಿಷಯವನ್ನು ಗ್ರಂಥಗಳ ಆಧಾರದಿಂದ ಒಮ್ಮೆ ಶೋಧಿಸಿ ನೋಡುವುದು ಆವಶ್ಯಕವಾಗಿದೆ.

ಪೂರ್ವಪಕ್ಷದ ಸ್ವರೂಪ ಹೀಗಿದೆ. ಸ್ವರ್ಣಭಸ್ಮದ ಕಣಗಳು ನ್ಯಾನೋಮೀಟರುಗಳಿಂದ ಅಳೆಯುವಷ್ಟು ಸೂಕ್ಷ್ಮವಾಗಿವೆಯೆಂದು ಈಗಿನ ಯಂತ್ರಗಳು ತೋರಿಸಿವೆ. ಅಂಥವೇ ಸುವರ್ಣಕಣಗಳನ್ನು ಅರ್ಬುದದೊಳಗೆ ಸೇರಿಸಿ ಮೇಲೆ ಕಿರಣಗಳನ್ನು ಹಾಯಿಸಿದರೆ ರೋಗದ ಜೀವಕೋಶಗಳು ಹೆಚ್ಚಾಗಿ ನಾಶವಾಗುವುವೆಂದು ವಿದೇಶದ ವಿಜ್ಞಾನಿಗಳು ಕಂಡಿರುವರು. ಆದುದರಿಂದ ನಮ್ಮ ರಸಾಚಾರ್ಯರಿಗೆ ನ್ಯಾನೋವಿದ್ಯೆಯು ತಿಳಿದಿತ್ತು. ಸ್ವರ್ಣಭಸ್ಮವು ಅರ್ಬುದಕ್ಕೆ ಔಷಧವು. ಇಲ್ಲಿ ಮೊದಲಿನ ಎರಡು ಮಾತುಗಳೂ ಸತ್ಯವೇ. ಎರಡು ಸತ್ಯಗಳ ನಡುವೆ ‘ಆದುದರಿಂದ’ ಎಂಬ ಸೇತುವೆಯನ್ನು ಹಾಕಿ ದಾಟಿದ ಮೂರನೆಯ ಮಾತು ಸತ್ಯವೇ ಎಂಬುದು ವಿಚಾರಣೀಯವಾದದ್ದು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಹೇತುವಿದೆ, ಸಾಧ್ಯವಿದೆ, ವ್ಯಾಪ್ತಿಯೆಲ್ಲಿ?

ಇದು ಬರಿಯ ವಾಗ್ವಾದವಲ್ಲ. ಯಡಿಯೂರು ಎಂದೊಡನೆ ಕುಣಿಗಲು ಸೀಮೆಯ ತೋಂಟದ ಸಿದ್ಧಲಿಂಗಯತಿಗಳ ಕ್ಷೇತ್ರವು ನೆನಪಿಗೆ ಬರುವುದು ಸಹಜ. ಇಲ್ಲಿ ಹೇಳುವುದು ಅದನ್ನಲ್ಲ; 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದ ಮೇಲೆ ಕ್ರಮೇಣ ಬೆಂಗಳೂರು ಪಟ್ಟಣದೊಳಗೆ ಸೇರಿಹೋಗಿ, ತನ್ನ ಕೆರೆಯನ್ನು ಮಾತ್ರ ಉಳಿಸಿಕೊಂಡಿರುವ ಇನ್ನೊಂದು ಯಡಿಯೂರನ್ನು. ಈ ಕೆರೆಯ ಏರಿಯಿಂದ ಜಯನಗರವನ್ನು ದಾಟಿ ಪೂರ್ವಕ್ಕೆ ಹೋದರೆ, ಹೆಚ್ಚು ದೂರವಿಲ್ಲದೆಯೇ, ಕಿದ್ವಾಯಿ ಸ್ಮಾರಕ ಗಂಥಿಸಂಸ್ಥೆಯು ಸಿಕ್ಕುವುದು. ಸ್ವಾತಂತ್ರ್ಯಯೋಧರೂ ಕೇಂದ್ರ ಮಂತ್ರಿಗಳೂ ಆಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಆ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತವಾಯಿತು. ಕರ್ಣಾಟಕದ ಎಲ್ಲ ಮೂಲೆಗಳಿಂದಲೂ ನೆರೆಯ ಆಂಧ್ರ, ತಮಿಳುನಾಡುಗಳಿಂದಲೂ ಬಡ ರೋಗಿಗಳು ಕಿರಣಚಿಕಿತ್ಸೆಗಾಗಿ ಅಲ್ಲಿಗೆ ಬರುವರು. ಅದೇ ಸುತ್ತಿನ ಬಡಾವಣೆಗಳಲ್ಲಿ ಪುಷ್ಯನಕ್ಷತ್ರದ ದಿನ ಮಕ್ಕಳಿಗೆ ಸ್ವರ್ಣಪ್ರಾಶನ ಮಾಡಿಸುವ ಚಿಕಿತ್ಸಾಲಯಗಳೂ ಇವೆ. ಗಂಟು ಕಂಡುಕೊಂಡ ಮನುಷ್ಯನು ಎರಡು ಬಾಗಿಲುಗಳ ನಡುವೆ ನಿಂತಿರುವಾಗ, ಇತಿಹಾಸವನ್ನು ಹೇಳುವವರ ಮಾತು ಅವನನ್ನು ಒಂದು ಕಡೆಗೆ ತಳ್ಳುವುದುಂಟು. ಅಮೆರಿಕದಲ್ಲಿ ಗುಣವಾಗಬಹುದಾದ ಕ್ಯಾನ್ಸರಿದ್ದೂ ಪರ್ಯಾಯ ಚಿಕಿತ್ಸೆಯೊಂದನ್ನೇ ನಂಬಿದ 281 ಮಂದಿಯನ್ನು ಕುರಿತು 2018ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಅವರ ಮರಣದ ಸಂಭವವು ರೂಢಿಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು ಹೆಚ್ಚೆಂದು ಕಂಡುಬಂದಿತು. ಶಬ್ದಾರ್ಥವಿಚಾರದಲ್ಲಿ ಎಚ್ಚರ ತಪ್ಪಿದರೆ ತೆರಬೇಕಾದ ಬೆಲೆ ಇಷ್ಟಿದೆ.

ಮೊದಲು ಮೂಲಗ್ರಂಥವನ್ನು ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡ ಈ ನಾಲ್ಕನ್ನೂ ಒಟ್ಟಿಗೆ ನಿರೂಪಿಸಿದೆ. ಅರ್ಬುದವು ದುಂಡಗೆ, ಅಲುಗದೆ, ಅಲ್ಪವಾದ ನೋವಿನಿಂದ ಕೂಡಿ, ದೊಡ್ಡದಾಗಿ, ಆಳವಾದ ಬೇರುಳ್ಳದ್ದಾಗಿ, ನಿಧಾನವಾಗಿ ಬೆಳೆಯುವ ಮಾಂಸದ ಉಬ್ಬು, ಅದು ಕೀವಾಗುವುದಿಲ್ಲ. ವಾತ, ಪಿತ್ತ, ಕಫ, ರಕ್ತ, ಮಾಂಸ, ಮೇದಸ್ಸುಗಳಿಂದ ಆರು ಬಗೆ. ಇವುಗಳಲ್ಲಿ ರಕ್ತ, ಮಾಂಸಗಳಿಂದಾದವು ಅಸಾಧ್ಯ. ಮೊದಲಿದ್ದುದರ ಮೇಲೆ ಇನ್ನೊಂದು ಹುಟ್ಟಿದರೆ ಅಧ್ಯರ್ಬುದ, ಎರಡು ಒಟ್ಟಿಗೆ ಅಥವಾ ಒಂದಾದ ಮೇಲೊಂದು ಹುಟ್ಟಿದರೆ ದ್ವಿರರ್ಬುದ, ಇವೂ ಅಸಾಧ್ಯವೇ. ರೋಗವು ಒಂದೆಡೆಯಿಂದ ಮತ್ತೊಂದೆಡೆಗೆ ಹರಡುವುದನ್ನೇ ಈ ಮಾತುಗಳು ಸೂಚಿಸುವುವೆಂದು ಕೆಲವರು ಹೇಳುವರು. ಸೂಚಿಸಬಹುದು, ಗ್ರಂಥದಲ್ಲಿ ಅಷ್ಟು ಹೇಳಿಲ್ಲ.

ಈ ಲಕ್ಷಣಗಳನ್ನು ಕೂಡಿಸಿ ನೋಡಿದರೆ, ಇಂದು ನಿರಪಾಯವೆನಿಸುವ ಕೊಬ್ಬಿನ ಗಂಟೂ ಅರ್ಬುದವಾಗುವುದು. ಮೇದೋರ್ಬುದವು ಬಹುಶಃ ಅದೇ. ಮತ್ತೊಂದು ಕಡೆ, ಗಂಟೇ ಇಲ್ಲದ ರಕ್ತದ ಕ್ಯಾನ್ಸರು ಅರ್ಬುದದ ಲಕ್ಷಣದೊಳಗೆ ಬರುವುದಿಲ್ಲ. ಈಗ ಅದನ್ನು ರಕ್ತಾರ್ಬುದವೆಂದು ಕರೆಯುವುದು ವಾಡಿಕೆ. ಸುಶ್ರುತನ ರಕ್ತಾರ್ಬುದವಾದರೋ ಮಾಂಸದ ಮೊಳಕೆಗಳಿಂದ ಮುಚ್ಚಿ, ಬೇಗನೆ ಬೆಳೆದು, ಎಡೆಬಿಡದೆ ರಕ್ತ ಸುರಿಸುವ ಪಿಂಡ. ರಕ್ತಕ್ಷಯದಿಂದ ರೋಗಿ ಬಿಳುಚುವನು. ಹೆಸರು ಅದೇ, ರೋಗ ಬೇರೆ. ಪಾಠ ಹೇಳುವವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಆದರೆ ಸುಶ್ರುತನ ನಿಜವಾದ ಹಿರಿಮೆ ಲಕ್ಷಣದಲ್ಲಿಲ್ಲ, ಚಿಕಿತ್ಸಾಸ್ಥಾನದ 18ನೆಯ ಅಧ್ಯಾಯದ ಒಂದು ಮಾತಿನಲ್ಲಿದೆ. ಅರ್ಬುದವನ್ನು ದೋಷಶೇಷ ಉಳಿಯುವಂತೆ ಬಿಟ್ಟರೆ ಅದು ಬೇಗನೆ ಮತ್ತೆ ಹುಟ್ಟುವುದೆಂದೂ, ಆದುದರಿಂದ ನಿಶ್ಶೇಷವಾಗಿ ತೆಗೆಯತಕ್ಕದ್ದೆಂದೂ, ಉಳಿದ ಶೇಷವು ಬೆಂಕಿಯಂತೆ ಕೊಲ್ಲುವುದೆಂದೂ ಅಲ್ಲಿ ಹೇಳಿದೆ. ಋಣಶೇಷ, ಅಗ್ನಿಶೇಷ, ಶತ್ರುಶೇಷಗಳನ್ನು ಉಳಿಸಬಾರದೆಂಬ ನೀತಿಶಾಸ್ತ್ರದ ಎಚ್ಚರಿಕೆಯನ್ನು ಶರೀರಕ್ಕೆ ಅನ್ವಯಿಸಿದಂತಿದೆ ಈ ಮಾತು. ಶಸ್ತ್ರ, ಕ್ಷಾರ, ಅಗ್ನಿ ಈ ಮೂರೇ ಇದಕ್ಕೆ ಅವನ ಸಾಧನಗಳು. ಮೂರಕ್ಕೂ ಸಮಾನವಾದ ದೋಷವೊಂದುಂಟು: ರೋಗದ ಮಾಂಸವನ್ನು ತಿಂದಂತೆಯೇ ಪಕ್ಕದ ಒಳ್ಳೆಯ ಮಾಂಸವನ್ನೂ ತಿನ್ನುವುವು. ಶೇಷವನ್ನು ಉಳಿಸಬಾರದು, ಸ್ವಸ್ಥವನ್ನು ಅಳಿಸಬಾರದು. ಅರ್ಬುದಚಿಕಿತ್ಸೆಯ ಸಮಸ್ತ ಇತಿಹಾಸವೂ ಈ ಎರಡು ವಿಧಿಗಳ ಕಲಹವಾಗಿದೆ. ಪ್ರಶ್ನೆಯ ಪೂರ್ವಾರ್ಧವನ್ನು ಅಷ್ಟು ಸ್ಪಷ್ಟವಾಗಿ ಕೇಳಿದ್ದೇ ಸುಶ್ರುತನಿಗೆ ಸಲ್ಲಬೇಕಾದ ಗೌರವವಾಗಿರಲು, ಅವನಿಗೆ ಇಲ್ಲದ ಉತ್ತರವನ್ನು ಆರೋಪಿಸುವುದು ವ್ಯರ್ಥ.

ಇನ್ನು ಸುವರ್ಣದ ವಿಷಯ. ಕರ್ಣಾಟಕದಲ್ಲಿ ವೈದ್ಯವಾಙ್ಮಯಕ್ಕೆ ಒಂದು ಸಾವಿರ ವರ್ಷಗಳಿಗೆ ಮೀರಿದ ಪರಂಪರೆಯುಂಟು. ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದನು. ಪಾರದದ ಸಂಸ್ಕಾರಗಳೂ ಆ ಗ್ರಂಥದಲ್ಲಿವೆ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿ ಕರ್ಣಾಟಕ ಕಲ್ಯಾಣಕಾರಕವೆಂದನು. 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯವನ್ನೇ ವಿಷಯವಾಗುಳ್ಳ ಕಾವ್ಯ. ಇಂಥ ಪರಂಪರೆಯುಳ್ಳವರು ಭಸ್ಮಗಳನ್ನು ಕುರಿತು ಅಭಿಮಾನ ತಾಳುವುದು ಯುಕ್ತವೇ ಆಗಿದೆ.

ಚಿನ್ನದ ತಗಡನ್ನು ಶೋಧಿಸಿ, ಪಾರದಗಂಧಕಾದಿಗಳೊಡನೆ ಮರ್ದಿಸಿ, ಶರಾವದಲ್ಲಿಟ್ಟು ಮೇಲಿಂದಮೇಲೆ ಪುಟ ಕೊಟ್ಟರೆ ಸ್ವರ್ಣಭಸ್ಮವಾಗುವುದು. ಅದರ ಸಿದ್ಧಿಯನ್ನು ತಿಳಿಯಲು ರಸರತ್ನಸಮುಚ್ಚಯವೇ ಮೊದಲಾದ ಗ್ರಂಥಗಳಲ್ಲಿ ಪರೀಕ್ಷೆಗಳನ್ನು ಹೇಳಿದೆ. ಬೆರಳುಗಳ ನಡುವೆ ಉಜ್ಜಿದರೆ ಗೆರೆಗಳೊಳಗೆ ಸೇರಬೇಕು, ಇದು ರೇಖಾಪೂರ್ಣತ್ವ. ನೀರಿನ ಮೇಲೆ ತೇಲಬೇಕು, ಇದು ವಾರಿತರತ್ವ. ಮಿತ್ರಪಂಚಕದೊಡನೆ ಕಾಸಿದರೂ ಮತ್ತೆ ಲೋಹವಾಗಬಾರದು, ಇದು ಅಪುನರ್ಭವತ್ವ. ಕಣ್ಣು, ಬೆರಳು, ನೀರು, ಬೆಂಕಿಗಳಲ್ಲದೆ ಬೇರೆ ಸಾಧನವಿಲ್ಲದ ಕಾಲದಲ್ಲಿ ಇಷ್ಟು ಬಿಗಿಯಾದ ನಿಯಮಗಳನ್ನು ಕಟ್ಟಿದವರ ಬುದ್ಧಿ ಸಾಮಾನ್ಯವಾದದ್ದಲ್ಲ.

ಆದರೆ ಈ ಪರೀಕ್ಷೆಗಳು ಎಷ್ಟನ್ನು ಅಳೆಯಬಲ್ಲುವು? ಈಗಿನ ಸೂಕ್ಷ್ಮದರ್ಶಕಗಳಿಂದ ನೋಡಿದವರು ಸ್ವರ್ಣಭಸ್ಮದಲ್ಲಿ ಸುಮಾರು 56 ನ್ಯಾನೋಮೀಟರು ಪ್ರಮಾಣದ ದುಂಡುಕಣಗಳನ್ನು ಕಂಡಿರುವರು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರು. ಬೆರಳಿನ ಗೆರೆಯು ಅಂಥ ಕಣಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಅಗಲವಾದದ್ದು. ಆದುದರಿಂದ ಅದರೊಳಗೆ ಸೇರುವ ಪುಡಿ ನ್ಯಾನೋಕಣವೇ ಆಗಬೇಕಾಗಿಲ್ಲ, ನಯವಾದ ಯಾವ ಪುಡಿಯೂ ಸೇರುವುದು. ನೀರಿನ ಮೇಲೆ ತೇಲುವುದಕ್ಕೆ ಜಲದ ಮೇಲ್ಮೈಯ ಬಿಗಿತವು ಕಾರಣವೇ ಹೊರತು ಇಷ್ಟೇ ಗಾತ್ರವಿರಬೇಕೆಂಬ ನಿಯಮವಿಲ್ಲ. ಮೇಲಾಗಿ, ಭಸ್ಮದೊಳಗಿನ ಚಿನ್ನವು ಬಹುಮಟ್ಟಿಗೆ ಲೋಹರೂಪದಲ್ಲಿಯೇ ಇದೆಯೆಂದು ರಸಾಯನಜ್ಞರು ತೋರಿಸಿರುವುದರಿಂದ, ಅಪುನರ್ಭವತ್ವವೆಂಬುದಕ್ಕೆ ಲೋಹತ್ವನಾಶವೆಂಬ ಅರ್ಥವನ್ನೂ ಹೇಳುವಂತಿಲ್ಲ. ರಸಾಚಾರ್ಯರು ಬಯಸಿದ್ದು ಅತ್ಯಂತ ನಯವಾದ, ಹೊಳಪಡಗಿದ ಪುಡಿ. ದೊರೆತದ್ದು ಅವರ ಅಳತೆಗೆ ನಿಲುಕದಷ್ಟು ಸೂಕ್ಷ್ಮವಾದದ್ದು. ಮರವನ್ನು ಕೊರೆದ ಹುಳು ಅಕ್ಷರದ ಆಕಾರವನ್ನು ಮೂಡಿಸಿದರೆ ಅದಕ್ಕೆ ಲಿಪಿಜ್ಞಾನವಿತ್ತೆಂದು ಯಾರೂ ಹೇಳುವುದಿಲ್ಲ. ಘುಣಾಕ್ಷರನ್ಯಾಯವನ್ನು ಆಚಾರ್ಯರಿಗೆ ಪೂರ್ತಿಯಾಗಿ ಅನ್ವಯಿಸುವುದು ಅನುಚಿತ, ಏಕೆಂದರೆ ಅವರು ಬುದ್ಧಿಪೂರ್ವಕವಾಗಿಯೇ ಸೂಕ್ಷ್ಮತೆಯನ್ನು ಅರಸಿದರು. ನ್ಯಾನೋಮೀಟರಿನ ವಿಷಯಕ್ಕೆ ಮಾತ್ರ ಅದು ಸಲ್ಲುವುದು. ಮಕ್ಕಳ ಸ್ವರ್ಣಪ್ರಾಶನಕ್ಕೆ ಪ್ರಮಾಣವಾಗಿ ಎತ್ತುವ ಕಾಶ್ಯಪಸಂಹಿತೆಯಲ್ಲಿಯಾದರೋ ಭಸ್ಮದ ಮಾತೇ ಇಲ್ಲ. ತೊಳೆದ ಕಲ್ಲಿನ ಮೇಲೆ ಚಿನ್ನವನ್ನು ನೀರಿನೊಡನೆ ತೇದು ಜೇನುತುಪ್ಪಗಳಲ್ಲಿ ನೆಕ್ಕಿಸಬೇಕೆಂದಿದೆ.

ಪಶ್ಚಿಮದಲ್ಲಿ ಈ ಪ್ರಶ್ನೆಯ ಉತ್ತರಾರ್ಧವು ಹೇಗೆ ಬೆಳೆಯಿತೆಂಬುದನ್ನು ಇನ್ನು ನೋಡಬಹುದು. 1895ರಲ್ಲಿ ರಾಂಟ್ಜೆನ್ನನು ಕ್ಷಕಿರಣಗಳನ್ನು ಕಂಡನು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡರು. 1901ರಲ್ಲಿ ಬೆಕೆರೆಲನು ಅಂಗಿಯ ಕಿಸೆಯಲ್ಲಿ ರೇಡಿಯಮ್ಮಿನ ನಳಿಕೆಯನ್ನಿಟ್ಟುಕೊಂಡು ತಿರುಗಿ, ಕೆಳಗಿನ ಚರ್ಮ ಸುಟ್ಟುದನ್ನು ಕಂಡನು. ಅದೇ ವರ್ಷ ಪಿಯರ್ ಕ್ಯೂರಿಯು ತನ್ನ ತೋಳಿನ ಮೇಲೆಯೇ ಅದನ್ನು ಪರೀಕ್ಷಿಸಿಕೊಂಡನು. ಒಳ್ಳೆಯ ಚರ್ಮವನ್ನು ಸುಡುವುದು ಕೆಟ್ಟ ಮಾಂಸವನ್ನೂ ಸುಡಬಹುದೆಂಬ ಊಹೆಯಿಂದ ಕಿರಣಚಿಕಿತ್ಸೆ ಬೆಳೆಯಿತು. ಅಷ್ಟರಮಟ್ಟಿಗೆ ಇದು ಸುಶ್ರುತನ ಅಗ್ನಿಕರ್ಮದ ತಮ್ಮನೆಂದೇ ಆಗ ತೋರಿರಬೇಕು.

ವಸ್ತುತಃ ಕಿರಣವು ಬೆಂಕಿಯಲ್ಲ. ಶರೀರದ ಪ್ರತಿಯೊಂದು ಕಿಲೋಗ್ರಾಮೂ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ ಎಂಬ ಮಾತ್ರೆ. ಇಡೀ ಶರೀರಕ್ಕೆ ಒಮ್ಮೆಗೇ ಸುಮಾರು 4 ಗ್ರೇ ತಗುಲಿದರೆ, ಚಿಕಿತ್ಸೆಯಿಲ್ಲದ ಪಕ್ಷದಲ್ಲಿ, ಅರ್ಧ ಮಂದಿ ಕೆಲವು ವಾರಗಳಲ್ಲಿ ಸಾಯುವರು. ಆದರೆ ಅದರಿಂದ ಶರೀರದ ಶಾಖವು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಏರುವುದು. ಒಂದು ಗುಟುಕು ಬಿಸಿನೀರು ಅದಕ್ಕಿಂತ ಹೆಚ್ಚು ಕಾಯಿಸುವುದು. ಕೊಲ್ಲುವುದು ಶಾಖವಲ್ಲ. ಕಿರಣವು ಜೀವಕೋಶದ ನೀರನ್ನು ಒಡೆದು ಹುಟ್ಟಿಸುವ ಉಗ್ರವಾದ ಕಣಗಳೂ, ಕಿರಣದಿಂದ ಚಿಮ್ಮಿದ ಎಲೆಕ್ಟ್ರಾನುಗಳೂ ಕೂಡಿ ವಂಶಸೂತ್ರವಾದ ಡಿ.ಎನ್.ಎ.ಯ ಜೋಡಿ ಎಳೆಗಳನ್ನು ಕತ್ತರಿಸುವುವು. ಒಂದು ಗ್ರೇ ಮಾತ್ರೆಗೆ ಒಂದೊಂದು ಕೋಶದಲ್ಲಿಯೂ ಸುಮಾರು ಸಾವಿರ ಕಡೆ ಒಂಟಿ ಎಳೆ, ಸುಮಾರು 40 ಕಡೆ ಎರಡೆಳೆಗಳೂ ಕಡಿಯುವುವು. ಒಂಟಿ ಎಳೆಯನ್ನು ಕೋಶವು ಸುಲಭವಾಗಿ ಹೆಣೆದುಕೊಳ್ಳುವುದು. ಎರಡೂ ಕಡಿದಾಗ ತಪ್ಪು ಸಂಭವಿಸಿ, ಕೋಶವು ಇಬ್ಭಾಗವಾಗಹೊರಟ ಸಮಯದಲ್ಲಿ ಸಾಯುವುದು.

ಇಲ್ಲಿಯೇ ಸ್ವಸ್ಥಕೋಶಕ್ಕೂ ರುಗ್ಣಕೋಶಕ್ಕೂ ಭೇದ. 1906ರಲ್ಲಿ ಬೆರ್ಗೋನಿಯೆ, ಟ್ರಿಬೊಂಡೊ ಎಂಬ ಫ್ರೆಂಚರು, ಯಾವ ಕೋಶ ಹೆಚ್ಚಾಗಿ ಇಬ್ಭಾಗವಾಗುವುದೋ, ಯಾವುದು ತನ್ನ ವಿಶೇಷ ರೂಪವನ್ನು ಇನ್ನೂ ತಾಳಿಲ್ಲವೋ, ಅದಕ್ಕೆ ಕಿರಣದ ಪೆಟ್ಟು ಹೆಚ್ಚೆಂದು ನಿಯಮಿಸಿದರು. ಅರ್ಬುದಕೋಶಗಳು ಅಂಥವು. ಆದರೆ ಬಾಯಿಯ ಒಳಪೊರೆ, ಕರುಳು, ಎಲುಬಿನ ಮಜ್ಜೆ, ಕೂದಲಿನ ಬುಡ ಇವುಗಳ ಸ್ವಸ್ಥಕೋಶಗಳೂ ಅಂಥವೇ. ಕಿರಣಚಿಕಿತ್ಸೆಯಲ್ಲಿ ಬಾಯಿ ಹುಣ್ಣಾಗುವುದಕ್ಕೂ ರಕ್ತದ ಕಣಗಳು ಕುಂದುವುದಕ್ಕೂ ಕಾರಣವಿದು. ಔಷಧವು ತಪ್ಪಿತೆಂದಲ್ಲ, ಅದರ ಸ್ವಭಾವವೇ ಹಾಗೆ.

ಈ ಬಿಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ತೋರಿದವನು ಪ್ಯಾರಿಸಿನ ರೆಗೊ. ಟಗರಿನ ವೃಷಣಗಳಿಗೆ ಒಮ್ಮೆಗೇ ಕಿರಣವನ್ನು ಕೊಟ್ಟು ಬೀಜೋತ್ಪತ್ತಿಯನ್ನು ನಿಲ್ಲಿಸಹೋದರೆ ಮೇಲಿನ ಚರ್ಮವು ಘೋರವಾಗಿ ಸುಡುತ್ತಿತ್ತು; ಅದನ್ನೇ ಹಂಚಿ ಹಲವು ದಿನ ಕೊಟ್ಟರೆ ಬೀಜೋತ್ಪತ್ತಿ ನಿಲ್ಲುತ್ತಿತ್ತು, ಚರ್ಮ ಉಳಿಯುತ್ತಿತ್ತು. ಸದಾ ವರ್ಧಿಸುವ ಬೀಜಕೋಶವನ್ನು ಅರ್ಬುದದ ಪ್ರತಿನಿಧಿಯೆಂದೂ ಚರ್ಮವನ್ನು ಸ್ವಸ್ಥಾಂಗದ ಪ್ರತಿನಿಧಿಯೆಂದೂ ತಿಳಿದರೆ ಇದರ ಮಹತ್ವವು ವಿಶದವಾಗುವುದು. ಅವನ ಸಹೋದ್ಯೋಗಿ ಕೂಟಾರನು ಇದನ್ನು ಗಂಟಲಿನ ಕ್ಯಾನ್ಸರಿಗೆ ಅನ್ವಯಿಸಿ ಯಶಸ್ವಿಯಾದನು. ಇಂದೂ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಒಟ್ಟು 50ರಿಂದ 70 ಗ್ರೇ ಎಂಬ ಪದ್ಧತಿ ನಡೆದಿರುವುದು ಈ ಮೂಲದಿಂದಲೇ. ಎರಡು ದಿನಗಳ ನಡುವಣ ಬಿಡುವಿನಲ್ಲಿ ಸ್ವಸ್ಥಕೋಶವು ತನ್ನ ಕಡಿದ ಎಳೆಗಳನ್ನು ಹೆಣೆದುಕೊಳ್ಳುವುದು. ಅರ್ಬುದಕೋಶಕ್ಕೆ ಆ ಕುಶಲತೆ ಬಹುಮಟ್ಟಿಗೆ ಕುಂದಿರುವುದು. ಊರಿಗೆ ದೂರವಾಗಿ ಆರೇಳು ವಾರ ಬೆಂಗಳೂರಿನಲ್ಲಿ ಉಳಿಯಬೇಕಾಗಿ ಬಂದ ರೋಗಿಗೆ ಇದು ಕಷ್ಟವೇ. ನಡುವೆ ಚಿಕಿತ್ಸೆಯನ್ನು ಬಿಟ್ಟರೆ ಮಾತ್ರ ಬಿಡುವು ಅರ್ಬುದದ ಪಾಲಾಗುವುದು. ಶೇಷವು ಮತ್ತೆ ಬೆಳೆಯುವುದು.

ಸುವರ್ಣಕಣವು ಈ ಕಥೆಯಲ್ಲಿ ಬಹಳ ಈಚಿನದು. 1857ರಲ್ಲಿ ಫ್ಯಾರಡೆಯು ನೀರಿನಲ್ಲಿ ಚಿನ್ನವನ್ನು ಅತಿಸೂಕ್ಷ್ಮವಾಗಿ ಹರಡಿ, ಹಳದಿ ಹೋಗಿ ಮಾಣಿಕ್ಯದ ಕೆಂಪು ಬರುವುದನ್ನು ಪರಿಶೀಲಿಸಿದನು. ಗಾತ್ರವು ಕುಗ್ಗಿದರೆ ಗುಣವೇ ಬದಲಾಗುವುದೆಂಬುದಕ್ಕೆ ಅದು ಪ್ರಾಚೀನ ಸಾಕ್ಷಿ. ಚಿನ್ನದ ಪರಮಾಣುಸಂಖ್ಯೆ 79. ನಮ್ಮ ಮಾಂಸದ್ದು ಸರಾಸರಿಯಲ್ಲಿ 7ರಿಂದ 8ರೊಳಗೆ. ಸಾಧಾರಣ ಶಕ್ತಿಯ ಕ್ಷಕಿರಣಗಳನ್ನು ಚಿನ್ನವು ಮಾಂಸಕ್ಕಿಂತ ಬಹಳ ಹೆಚ್ಚಾಗಿ ಹೀರಿ, ಸುತ್ತಲೂ ಅತ್ಯಲ್ಪ ದೂರ ಮಾತ್ರ ಹೋಗುವ ಎಲೆಕ್ಟ್ರಾನುಗಳನ್ನು ಚಿಮ್ಮಿಸುವುದು. ಹಾಗಾದರೆ ಚಿನ್ನ ಇದ್ದ ಕೋಶಕ್ಕೆ ಪೆಟ್ಟು ಹೆಚ್ಚು, ಇಲ್ಲದ ಕೋಶಕ್ಕೆ ಎಂದಿನಷ್ಟೇ. 2004ರಲ್ಲಿ ಹೈನ್‌ಫೆಲ್ಡ್ ಮತ್ತು ಸಂಗಡಿಗರು ಸ್ತನಾರ್ಬುದವುಳ್ಳ ಇಲಿಗಳ ರಕ್ತದೊಳಗೆ 1.9 ನ್ಯಾನೋಮೀಟರಿನ ಸುವರ್ಣಕಣಗಳನ್ನು ಬಿಟ್ಟು ಕಿರಣ ಕೊಟ್ಟಾಗ, ವರ್ಷ ಕಳೆದ ಮೇಲೆ ಶೇಕಡಾ 86 ಬದುಕಿದ್ದವು. ಕಿರಣವೊಂದನ್ನೇ ಪಡೆದವುಗಳಲ್ಲಿ ಶೇಕಡಾ 20. ಚಿನ್ನವೊಂದನ್ನೇ ಪಡೆದವುಗಳಲ್ಲಿ ಒಂದೂ ಉಳಿಯಲಿಲ್ಲ. ಪೂರ್ವಪಕ್ಷಕ್ಕೆ ಈ ಕಡೆಯ ಅಂಕೆಯೊಂದೇ ಸಾಕಾದ ಉತ್ತರ. ಕಿರಣವಿಲ್ಲದ ಚಿನ್ನವು ಆ ಅರ್ಬುದವನ್ನು ತಡೆಯಲಿಲ್ಲ. ಕೋಲಾರದಲ್ಲಿ ತೆಗೆದ ಚಿನ್ನವೂ ಹಟ್ಟಿಯಲ್ಲಿ ಈಗ ತೆಗೆಯುವ ಚಿನ್ನವೂ ಕಿರಣದ ಮುಂದೆ ನಿಂತಾಗಲೇ ಆಯುಧ, ಅಲ್ಲದಿದ್ದರೆ ಆಭರಣ.

ಇಲಿಗಳಲ್ಲಿ ಕಂಡದ್ದು ಮನುಷ್ಯರಿಗೆ ಹಾಗೆಯೇ ಒದಗಿಬರಲಿಲ್ಲ. ಆ ಪರೀಕ್ಷೆಯ ಕಿರಣಗಳು ಅಲ್ಪಶಕ್ತಿಯವು. ಆಸ್ಪತ್ರೆಗಳಲ್ಲಿ ಆಳದ ಗಂಟನ್ನು ಮುಟ್ಟಲು ಬಳಸುವ ಮಹಾಶಕ್ತಿಯ ಕಿರಣಗಳಿಗೆ ಚಿನ್ನದ ಈ ಹೀರುವ ಗುಣ ಬಹಳ ಕಡಿಮೆಯಾಗಿ ತೋರುವುದು. ಎರಡನೆಯದಾಗಿ, ರಕ್ತಕ್ಕೆ ಬಿಟ್ಟ ಕಣಗಳು ಹೇಳಿದ ಕಡೆಗೇ ಹೋಗುವುದಿಲ್ಲ. ಅರ್ಬುದದ ರಕ್ತನಾಳಗಳು ಸೋರುವುದರಿಂದ ಕಣಗಳು ಅಲ್ಲಿ ತಂಗುವುವೆಂದು 1986ರಲ್ಲಿ ಮಾತ್ಸುಮುರಾ, ಮಾಯೇದಾ ಎಂಬ ಜಪಾನೀಯರು ತೋರಿಸಿದ್ದು ನಿಜವಾದರೂ, ಹತ್ತು ವರ್ಷಗಳ ಪ್ರಯೋಗಗಳನ್ನು 2016ರಲ್ಲಿ ಒಟ್ಟುಮಾಡಿ ನೋಡಿದಾಗ, ಬಿಟ್ಟ ಕಣಗಳಲ್ಲಿ ಅರ್ಬುದವನ್ನು ಸೇರಿದ್ದು ನೂರಕ್ಕೆ 0.7ರಷ್ಟು ಮಾತ್ರವೆಂದು ಮಧ್ಯಾಂಕವು ಬಂದಿತು. ಉಳಿದುದರಲ್ಲಿ ಬಹುಪಾಲು ಯಕೃತ್ತು, ಪ್ಲೀಹಗಳಲ್ಲಿ ನೆಲಸುವುದು. ಅಲ್ಲಿಯ ಸ್ವಸ್ಥಕೋಶಗಳಿಗೆ ಅದು ಎಷ್ಟು ಕಾಲ ನಿರಪಾಯವೆಂಬುದೇ ವೈದ್ಯರ ಚಿಂತೆ. ಗಾತ್ರವೂ ಇಲ್ಲಿ ವಿಷಾಮೃತಗಳನ್ನು ನಿರ್ಣಯಿಸುವುದು: 2007ರಲ್ಲಿ ಜರ್ಮನಿಯ ಪರೀಕ್ಷಕರು 1.4 ನ್ಯಾನೋಮೀಟರಿನ ಚಿನ್ನದ ಕಣಗಳು ಕೋಶಗಳನ್ನು ಕೊಲ್ಲುವುವೆಂದೂ, ಅದೇ ಚಿನ್ನದ 15 ನ್ಯಾನೋಮೀಟರಿನ ಕಣಗಳು ಬಹು ಹೆಚ್ಚಿನ ಪ್ರಮಾಣದಲ್ಲಿಯೂ ನಿರುಪದ್ರವವೆಂದೂ ಕಂಡರು. ‘ನ್ಯಾನೋ’ ಎಂಬೊಂದು ಉಪಪದವನ್ನು ಹಚ್ಚಿ ಭಸ್ಮವನ್ನೂ ಪ್ರಯೋಗಶಾಲೆಯ ಕಣವನ್ನೂ ಒಂದೆಂದು ಎಣಿಸುವವರು ಇದನ್ನು ಗಮನಿಸಬೇಕು.

ಈ ಎಡರನ್ನು ತಪ್ಪಿಸಲು ಹಾಫ್ನಿಯಮ್ ಎಂಬ ಲೋಹದ ಆಕ್ಸೈಡಿನ ಕಣಗಳನ್ನು ರಕ್ತಕ್ಕೆ ಬಿಡದೆ ನೇರವಾಗಿ ಗಂಟಿನೊಳಗೇ ಚುಚ್ಚುವ ಉಪಾಯವನ್ನು ಮಾಡಿದರು. ಮೃದುಮಾಂಸದ ಅರ್ಬುದವುಳ್ಳ 180 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು 2019ರಲ್ಲಿ ಪ್ರಕಟವಾಯಿತು. ಕಣವೂ ಕಿರಣವೂ ಎರಡೂ ದೊರೆತವರಲ್ಲಿ ನೂರಕ್ಕೆ 16 ಮಂದಿಯ ಗಂಟು ಬಹುತೇಕ ನಿರ್ಜೀವವಾಗಿತ್ತು. ಕಿರಣ ಮಾತ್ರ ದೊರೆತವರಲ್ಲಿ 8. ಇಮ್ಮಡಿಯೆಂದು ಹಿಗ್ಗಬಹುದು, ನೂರಕ್ಕೆ 84 ಮಂದಿಗೆ ಶೇಷ ಉಳಿಯಿತೆಂದೂ ಓದಬಹುದು.

ಹಾಗಾದರೆ ನಮ್ಮ ಶಾಸ್ತ್ರಗಳ ದ್ರವ್ಯಗಳಿಗೆ ಈ ವಿಷಯದಲ್ಲಿ ಪ್ರವೇಶವೇ ಇಲ್ಲವೆ? ಉಂಟು, ಆದರೆ ಅದು ಅಭಿಮಾನದ ಬಾಗಿಲಿನಿಂದಲ್ಲ, ಪರೀಕ್ಷೆಯ ಬಾಗಿಲಿನಿಂದ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಕಿರಣಜೀವಶಾಸ್ತ್ರ ವಿಭಾಗದಲ್ಲಿ ಪಿ. ಉಮಾದೇವಿಯವರೂ ಅವರ ಶಿಷ್ಯವರ್ಗದವರೂ 1990ರ ದಶಕದಲ್ಲಿ ನಡೆಸಿದ ಕೆಲಸವು ಕರ್ಣಾಟಕದಲ್ಲಿ ಈ ಪ್ರಶ್ನೆಗೆ ದೊರೆತ ಅತ್ಯಂತ ಗಂಭೀರವಾದ ಉತ್ತರಗಳಲ್ಲೊಂದು. ತುಲಸಿಯ ಎಲೆಗಳಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಸಾರಗಳನ್ನು ಬೇರ್ಪಡಿಸಿ, ಅತ್ಯಲ್ಪ ಪ್ರಮಾಣದಲ್ಲಿ ಇಲಿಗಳಿಗೆ ಚುಚ್ಚಿ, ಅನಂತರ ಮಾರಕ ಕಿರಣವನ್ನು ಕೊಟ್ಟಾಗ ಅವುಗಳಲ್ಲಿ ಹಲವು ಬದುಕಿದವು. ಮಜ್ಜೆಯ ಸ್ವಸ್ಥಕೋಶಗಳಿಗೆ ರಕ್ಷಣೆ ದೊರೆಯಿತು. ಮತ್ತೊಂದು ಕಡೆ, ಅಶ್ವಗಂಧದಿಂದ ತೆಗೆದ ವಿಥಫೆರಿನ್ ಎಂಬುದು ಕೋಶಗಳನ್ನು ಕಿರಣಕ್ಕೆ ಹೆಚ್ಚು ಸುಲಭವಾಗಿ ಬಲಿಯಾಗುವಂತೆ ಮಾಡುವುದೆಂದು 1996ರಲ್ಲಿ ತೋರಿಸಲಾಯಿತು. ಒಂದು ಮೂಲಿಕೆ ಸ್ವಸ್ಥವನ್ನು ಕಾಯುವುದಕ್ಕೆ, ಮತ್ತೊಂದು ಶೇಷವನ್ನು ಅಳಿಸುವುದಕ್ಕೆ: ಹಳೆಯ ಎರಡು ವಿಧಿಗಳೂ ಇಲ್ಲಿ ಮತ್ತೆ ಎದುರಾಗುವುವು. ಆದರೆ ಇಲಿಗೆ ಚುಚ್ಚಿದ ಶುದ್ಧಸಾರವು ಬೃಂದಾವನದ ತೀರ್ಥವಲ್ಲ. ಕಾಪಾಡುವ ಔಷಧವು ಸ್ವಸ್ಥಕೋಶವನ್ನಷ್ಟೇ ಕಾಪಾಡಿ ಅರ್ಬುದಕೋಶವನ್ನು ಕೈಬಿಡುವುದೆ ಎಂಬುದನ್ನು ಪ್ರತಿಯೊಂದು ರೋಗದಲ್ಲಿಯೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದು. ಕಿರಣಚಿಕಿತ್ಸೆಯ ನಡುವೆ ವೈದ್ಯರಿಗೆ ತಿಳಿಸದೆ ಇಂಥ ಔಷಧಗಳನ್ನು ಸೇವಿಸುವುದು ಅಪಾಯಕರವೆಂಬುದಕ್ಕೆ ಕಾರಣವೂ ಇದೇ, ರಕ್ಷೆಯು ಶತ್ರುವಿಗೂ ದೊರೆಯಬಹುದು.

ಮೈಸೂರಿನ ಪ್ರಾಚ್ಯವಿದ್ಯಾಸಂಶೋಧನಾಲಯವೇ ಮೊದಲಾದ ಕಡೆಗಳಲ್ಲಿ ಓಲೆಗರಿಯ ವೈದ್ಯಗ್ರಂಥಗಳುಂಟು. ಅವುಗಳನ್ನು ಸಂಪಾದಿಸುವವರು ಅರ್ಬುದಪ್ರಕರಣವು ಬಂದಾಗ ಆ ಶಬ್ದಕ್ಕೆ ಕ್ಯಾನ್ಸರ್ ಎಂದು ಟಿಪ್ಪಣಿ ಬರೆದು ಮುಂದೆ ಸಾಗದೆ, ಅಲ್ಲಿ ಹೇಳಿರುವ ಗಂಟಿನ ಆಕಾರ, ಬೆಳೆಯುವ ವೇಗ, ಸ್ರಾವ, ವೇದನೆಗಳನ್ನೂ ಮದ್ದಿನ ದ್ರವ್ಯ, ಪ್ರಮಾಣ, ಪುಟಗಳ ಸಂಖ್ಯೆಗಳನ್ನೂ ಗ್ರಂಥದಲ್ಲಿರುವಂತೆಯೇ ಕೊಡತಕ್ಕದ್ದು. ರೋಗನಿರ್ಣಯವನ್ನು ವೈದ್ಯರಿಗೆ ಬಿಡಬಹುದು.